ರೀಮ್ಯಾಪ್ ಆದ ಮೇಲೂ ಗಾಡಿ ಎಳೆಯುತ್ತಿಲ್ಲವೇ? ದೋಷ ಎಂಜಿನ್ನಿನದೋ, ಅಳತೆಯದೋ

ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದುವುದು) ಮಾಡಿಸಿದ್ದಾಯ್ತು, ದುಡ್ಡು ಕೊಟ್ಟಿದ್ದಾಯ್ತು, ಗಾಡಿ ಮಾತ್ರ ಮೊದಲಿನ ಹಾಗೇ ಇದೆ ಅನ್ನಿಸುತ್ತಿದೆ. ಅಥವಾ ಮೊದಲ ವಾರ ಚೆನ್ನಾಗಿ ಎಳೆಯಿತು, ಈಗ ಸಪ್ಪೆ. ಅಥವಾ ಡೈನೋ (ಗಾಡಿಯನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಹಾಳೆಯಲ್ಲಿ 25 ಪಿಎಸ್ (ಅಶ್ವಶಕ್ತಿ) ಜಾಸ್ತಿ ಅಂತ ಬರೆದಿದೆ, ರಸ್ತೆಯಲ್ಲಿ ಅದರ ಸುಳಿವೇ ಇಲ್ಲ. ಇಂಥ ಹೊತ್ತಿನಲ್ಲಿ ಜನ ಒಂದೋ ಸ್ಪಾರ್ಕ್ ಪ್ಲಗ್ ಬದಲಿಸಿ ನೋಡುತ್ತಾರೆ, ಇಲ್ಲವೇ ರೀಮ್ಯಾಪ್ ಮಾಡಿಕೊಟ್ಟ ಟ್ಯೂನರ್‌ಗೆ ಫೋನ್ ಮಾಡಿ ಜಗಳ ತೆಗೆಯುತ್ತಾರೆ. ಎರಡಕ್ಕೂ ಮೊದಲು ಒಂದು ವಿಷಯ ಇತ್ಯರ್ಥ ಆಗಬೇಕು. ಗಾಡಿಯಲ್ಲಿ ನಿಜವಾಗಿ ದೋಷ ಇದೆಯಾ, ಅಥವಾ ನಾವು ಅಳೆದ ರೀತಿಯಲ್ಲೇ ಇದೆಯಾ? ಬಹಳ ಸಲ ಅಳತೆಯಲ್ಲೇ ಇರುತ್ತದೆ. ಅದಕ್ಕೇ ಈ ಬರಹದ ಅರ್ಧ ಭಾಗ ಅಳತೆಯ ಬಗ್ಗೆ, ಸ್ಪ್ಯಾನರ್ ಕೈಗೆ ಬರುವುದು ಆಮೇಲೆ.

ಎಷ್ಟು ಲಾಭ ನಿರೀಕ್ಷಿಸಬಹುದು ಅನ್ನುವುದು ಮೊದಲೇ ಗೊತ್ತಿರಲಿ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪ್) ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಬರೀ ಸಾಫ್ಟ್‌ವೇರ್ ಬದಲಿಸಿದರೆ ಸಿಗುವುದು ಸುಮಾರು ಶೇಕಡಾ 5, ತುಂಬ ಚೆನ್ನಾಗಿ ಆದರೆ 10. ಟರ್ಬೊ ಇದ್ದರೆ 20ರಿಂದ 30 ಸಾಮಾನ್ಯ. 100 ಪಿಎಸ್‌ನ ಟರ್ಬೊ ಇಲ್ಲದ ಗಾಡಿ 105 ಆದರೆ ಅದು ಸೀಟಿನಲ್ಲಿ ಕೂತವನಿಗೆ ಗೊತ್ತಾಗುವುದಿಲ್ಲ. ಗೊತ್ತಾಯ್ತು ಅಂದರೆ ಬೇರೇನೋ ಗೊತ್ತಾಗಿದೆ.

ಆ ಬೇರೇನೋ ಸಾಮಾನ್ಯವಾಗಿ ಆಕ್ಸಿಲರೇಟರ್ ಪೆಡಲ್.

ಪೆಡಲ್ ಮಾಡುವ ಮೋಸ

ಈಗಿನ ಕಾರುಗಳಲ್ಲಿ ಪೆಡಲ್‌ಗೂ ಥ್ರಾಟಲ್‌ಗೂ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ನಡುವೆ ಕೇಬಲ್ ಇಲ್ಲ, ಇರುವುದು ಸೆನ್ಸರ್. ಕಾಲು ಎಷ್ಟು ಒತ್ತಿದರೆ ಥ್ರಾಟಲ್ ಎಷ್ಟು ತೆರೆಯಬೇಕು ಅಂತ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ತೀರ್ಮಾನ ಮಾಡುತ್ತದೆ. ಟ್ಯೂನರ್ ಆ ಪಟ್ಟಿಯನ್ನು ಸ್ವಲ್ಪ ತಿದ್ದಿ, 30 ಶೇಕಡಾ ಒತ್ತಿದಾಗ 50 ಶೇಕಡಾ ತೆರೆಯುವ ಹಾಗೆ ಮಾಡಿದರೆ ಗಾಡಿ ಚಂಗನೆ ನೆಗೆಯುತ್ತದೆ. "ಪಿಕಪ್ ನೋಡಿ ಸಾರ್!" ಅನ್ನುತ್ತಾರೆ. ಎಂಜಿನ್ ಶಕ್ತಿ ಒಂದು ಚೂರೂ ಹೆಚ್ಚಿಲ್ಲ. ಕಾಲಿನ ಕೆಲಸ ಕಡಿಮೆ ಆಗಿದೆ, ಅಷ್ಟೇ. ಪೆಡಲ್ ಕನೆಕ್ಟರ್‌ಗೆ ಸಿಕ್ಕಿಸುವ ಪೆಡಲ್ ಬಾಕ್ಸ್‌ಗಳು ಮಾಡುವುದೂ ಇಷ್ಟೇ.

ಪರೀಕ್ಷೆ ಸುಲಭ. ಪೆಡಲ್ ಪೂರ್ತಿ ತುಳಿಯಿರಿ. ಪೂರ್ತಿ ತುಳಿದಾಗ ಹಳೆಯ ಮ್ಯಾಪ್‌ನಲ್ಲೂ 100, ಹೊಸದರಲ್ಲೂ 100. ಅಲ್ಲಿ ವ್ಯತ್ಯಾಸ ಸಿಕ್ಕರೆ ಮಾತ್ರ ಅದು ಶಕ್ತಿ. ಹಾಗಾಗಿ ಅರ್ಧ ಪೆಡಲ್‌ನಲ್ಲಿ ತೆಗೆದ ಯಾವ ಅಳತೆಯೂ ಲೆಕ್ಕಕ್ಕಿಲ್ಲ. "ಮೊದಲ ವಾರ ಚೆನ್ನಾಗಿತ್ತು, ಈಗ ಇಲ್ಲ" ಅನ್ನುವ ದೂರಿಗೂ ಉತ್ತರ ಎಷ್ಟೋ ಸಲ ಇಲ್ಲೇ ಸಿಗುತ್ತದೆ: ಗಾಡಿ ಬದಲಾಗಿಲ್ಲ, ಕಾಲಿಗೆ ಅಭ್ಯಾಸ ಆಗಿದೆ.

ಒಬಿಡಿ ಪೋರ್ಟ್‌ಗೆ (ಸ್ಕ್ಯಾನರ್ ಸಿಕ್ಕಿಸುವ ಜಾಗ) ಸುಮ್ನೆ ಸಿಕ್ಕಿಸಿದರೆ ಸಾಕು, ಗಾಡಿಯೇ ಕಲಿತುಕೊಳ್ಳುತ್ತದೆ ಅನ್ನುವ ಅಗ್ಗದ "ಚಿಪ್" ಹಾಕಿಸಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿನುಗುವ ಎಲ್‌ಇಡಿ, ಅದನ್ನು ಮಿನುಗಿಸುವ ಒಂದು ಸರ್ಕ್ಯೂಟ್. ಕಿತ್ತು ಪಕ್ಕಕ್ಕಿಡಿ.

ಏರುಪೇರು ಎಷ್ಟು, ಲಾಭ ಎಷ್ಟು

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ, ಸ್ವಲ್ಪ ಲೆಕ್ಕ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಓಡಿಸುವವನೂ ಸೇರಿ 1200 ಕಿಲೋ ತೂಗುವ ಕಾರು ಅಂದುಕೊಳ್ಳಿ. 80ರಿಂದ 100 ಕಿ.ಮೀ. ವೇಗಕ್ಕೆ 3 ಸೆಕೆಂಡಿನಲ್ಲಿ ಏರುತ್ತದೆ. ಅಂದರೆ ಸೆಕೆಂಡಿಗೆ 22.2 ಮೀಟರ್‌ನಿಂದ 27.8 ಮೀಟರ್. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ, ಎರಡರ ವ್ಯತ್ಯಾಸ ತೆಗೆದರೆ ಸುಮಾರು 1,67,000 ಜೂಲ್ ಬರುತ್ತದೆ. 3 ಸೆಕೆಂಡಿಗೆ ಭಾಗಿಸಿದರೆ 55.6 ಕಿಲೋವ್ಯಾಟ್. ಆ ವೇಗದಲ್ಲಿ ಗಾಳಿ ಮತ್ತು ಟೈರ್ ತಿನ್ನುವುದು ಸುಮಾರು 9.5 ಕಿಲೋವ್ಯಾಟ್, ಅದನ್ನೂ ಸೇರಿಸಿ. ಒಟ್ಟು 65, ಅಂದರೆ ಚಕ್ರದ ಹತ್ತಿರ ಸುಮಾರು 88 ಪಿಎಸ್.

ಈಗ ಅದೇ ಓಟ 2.8 ಸೆಕೆಂಡಿನಲ್ಲಿ ಮುಗಿಯಿತು ಅನ್ನಿ. ಲೆಕ್ಕ ಮಾಡಿದರೆ 94 ಪಿಎಸ್ ಬರುತ್ತದೆ. ಹೆಚ್ಚುಕಡಿಮೆ 6 ಪಿಎಸ್ ಲಾಭ, ಟರ್ಬೊ ಇಲ್ಲದ ಗಾಡಿಗೆ ಒಳ್ಳೆಯ ರೀಮ್ಯಾಪ್ ಕೊಡುವಷ್ಟು. ಆದರೆ ಗಡಿಯಾರದಲ್ಲಿ ಅದು 0.2 ಸೆಕೆಂಡ್! ಸ್ಪೀಡೋಮೀಟರ್ ಮುಳ್ಳು ನೋಡಿಕೊಂಡು ಪಕ್ಕದವನು ಫೋನ್ ಸ್ಟಾಪ್‌ವಾಚ್ ಒತ್ತುವಾಗ ಆಗುವ ತಪ್ಪೇ ಅಷ್ಟಿರುತ್ತದೆ. ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಬರೀ ಬೆರಳಿನ ತಪ್ಪಾಗಿದ್ದರೆ ಹೋಗಲಿ ಅನ್ನಬಹುದಿತ್ತು. 100 ಮೀಟರ್‌ಗೆ 1 ಮೀಟರ್ ಏರುವ ರಸ್ತೆ ಕಣ್ಣಿಗೆ ಚಪ್ಪಟೆಯಾಗೇ ಕಾಣುತ್ತದೆ. ಇದೇ ಗಾಡಿ 90 ಕಿ.ಮೀ. ವೇಗದಲ್ಲಿ ಆ ಏರು ಹತ್ತುವಾಗ 2.9 ಕಿಲೋವ್ಯಾಟ್, ಅಂದರೆ 4 ಪಿಎಸ್ ಅಲ್ಲೇ ಹೋಗುತ್ತದೆ. ರೀಮ್ಯಾಪ್‌ಗೆ ಮುಂಚೆ ಹೋಗುವ ದಿಕ್ಕಿನಲ್ಲಿ ಅಳೆದು, ಆಮೇಲೆ ಬರುವ ದಿಕ್ಕಿನಲ್ಲಿ ಅಳೆದಿರೋ, 8 ಪಿಎಸ್ ರಸ್ತೆಯೇ ಕೊಟ್ಟುಬಿಡುತ್ತದೆ, ಇಲ್ಲವೇ ಕಿತ್ತುಕೊಳ್ಳುತ್ತದೆ. ಎದುರು ಗಾಳಿ ಗಂಟೆಗೆ 10 ಕಿ.ಮೀ. ಬೀಸುತ್ತಿದ್ದರೆ ಇನ್ನೆರಡು ಪಿಎಸ್. ಮೊದಲು ಒಬ್ಬರೇ ಇದ್ದು, ಆಮೇಲೆ ತೋರಿಸೋಣ ಅಂತ 70 ಕಿಲೋದ ಗೆಳೆಯನನ್ನು ಕೂರಿಸಿಕೊಂಡು ಅಳೆದರೆ, ತೂಕವೇ ಶೇಕಡಾ 6ರಷ್ಟು ಹೆಚ್ಚಿತು. ರೀಮ್ಯಾಪ್ ಕೊಟ್ಟಿದ್ದನ್ನೆಲ್ಲ ಗೆಳೆಯ ತಿಂದುಹಾಕಿದ. ಹವೆ 10 ಡಿಗ್ರಿ ಬಿಸಿಯಾದರೆ ಗಾಳಿಯ ಸಾಂದ್ರತೆ ಶೇಕಡಾ 3ಕ್ಕಿಂತ ಜಾಸ್ತಿ ಇಳಿಯುತ್ತದೆ, ಎಂಜಿನ್ ಶಕ್ತಿಯೂ ಅದರ ಹಿಂದೆಯೇ ಇಳಿಯುತ್ತದೆ.

ಆದ್ದರಿಂದ ಮೊದಲು ಅಳೆಯಬೇಕಾದ್ದು ಲಾಭವನ್ನಲ್ಲ, ನಿಮ್ಮ ಏರುಪೇರನ್ನು. ಏನೂ ಬದಲಿಸದೆ, ಒಂದೇ ಜಾಗದಲ್ಲಿ, ಎರಡೂ ದಿಕ್ಕಿನಲ್ಲಿ ಐದಾರು ಓಟ ತೆಗೆಯಿರಿ. ಎರಡೂ ದಿಕ್ಕಿನ ಸರಾಸರಿ ತೆಗೆದರೆ ಏರು ಇಳಿಜಾರು ಹೆಚ್ಚುಕಡಿಮೆ ಒಂದಕ್ಕೊಂದು ವಜಾ ಆಗುತ್ತವೆ, ಗಾಳಿಯ ಕಾಟವೂ ಸುಮಾರಾಗಿ ಕಡಿಮೆ ಆಗುತ್ತದೆ. ಹೀಗೆ ಬಂದ ಸರಾಸರಿಗಳೇ 2.9ರಿಂದ 3.2ರವರೆಗೆ ಓಲಾಡುತ್ತಿದ್ದರೆ, ಅದಕ್ಕಿಂತ ಸಣ್ಣ ಲಾಭದ ಬಗ್ಗೆ ನೀವು ಏನೂ ಹೇಳುವ ಹಾಗಿಲ್ಲ. ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಈ ಓಟಗಳನ್ನು ರೀಮ್ಯಾಪ್‌ಗೆ ಮುಂಚೆ ತೆಗೆದಿಲ್ಲವಾ? ಪರವಾಗಿಲ್ಲ, ಕೊನೆಯಲ್ಲಿ ಅದಕ್ಕೂ ದಾರಿ ಇದೆ.

ರಸ್ತೆಯಲ್ಲಿ ಅಳೆಯುವ ಬಗೆ

ಜನ ಓಡಾಡುವ ರಸ್ತೆಯಲ್ಲಿ ಬೇಡ. ಟ್ರ್ಯಾಕ್ ಸಿಕ್ಕರೆ ಟ್ರ್ಯಾಕ್, ಇಲ್ಲದಿದ್ದರೆ ಡೈನೋ. ಸೊನ್ನೆಯಿಂದ ನೂರರ ಓಟವೂ ಬೇಡ. ಅದರಲ್ಲಿ ಕ್ಲಚ್ ಬಿಡುವ ಕೈಚಳಕ, ಟೈರ್ ಹಿಡಿತ, ಗೇರ್ ಬದಲಿಸುವ ವೇಗ ಎಲ್ಲ ಸೇರಿಕೊಂಡು ಎಂಜಿನ್ ಎಲ್ಲೋ ಮೂಲೆಯಲ್ಲಿ ಉಳಿಯುತ್ತದೆ. ಜೊತೆಗೆ ಎಷ್ಟೋ ಗಾಡಿಗಳಲ್ಲಿ ಒಂದನೇ ಎರಡನೇ ಗೇರಿನಲ್ಲಿ ಟಾರ್ಕ್‌ಗೆ ಇಸಿಯು ತಾನೇ ಕಡಿವಾಣ ಹಾಕಿರುತ್ತದೆ. ಮೂರನೇ ಗೇರ್ ಹಾಕಿ, 2000 ಆರ್‌ಪಿಎಂನಲ್ಲಿ ನಿಧಾನಕ್ಕೆ ಹೋಗುತ್ತಾ ಇದ್ದು, ಪೂರ್ತಿ ತುಳಿದು ಕೆಂಪು ಗೆರೆಯ ಹತ್ತಿರ ಬಿಡಿ. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್‌ನಲ್ಲಿ. ಕೆಲವು ಗಾಡಿಗಳು ಆ ಮೋಡ್‌ನಲ್ಲೂ ಪೆಡಲ್ ತಳದ ಸ್ವಿಚ್ "ಕಟ್" ಅಂದಾಗ ಗೇರ್ ಇಳಿಸಿಬಿಡುತ್ತವೆ, ಆ ಸದ್ದಿಗೆ ಒಂದು ಕೂದಲೆಳೆ ಮೊದಲು ಕಾಲು ನಿಲ್ಲಿಸಬೇಕು.

ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ವೇಗ ಕೊಡುತ್ತದೆ. 3 ಸೆಕೆಂಡಿನ ಓಟದಲ್ಲಿ ಮೂರೋ ನಾಲ್ಕೋ ಚುಕ್ಕೆ, ಅದರಿಂದ 0.2 ಸೆಕೆಂಡ್ ಹೆಕ್ಕುವುದು ಹೇಗೆ? ಸೆಕೆಂಡಿಗೆ 10 ಸಲ ಓದುವ ಜಿಪಿಎಸ್ ಬಾಕ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಬಿಡಿ ಅಡಾಪ್ಟರ್ ಸಾಕು, ಒಂದು ಉಪಾಯ ಇದೆ. ಒಬಿಡಿ ಕೊಡುವ ವೇಗ ಪೂರ್ಣ ಕಿ.ಮೀ.ಗಳಲ್ಲಿ ಬರುತ್ತದೆ, 87 ಇಲ್ಲವೇ 88, ನಡುವೆ ಏನೂ ಇಲ್ಲ. ಆದರೆ ಆರ್‌ಪಿಎಂ ಕಾಲು ಸುತ್ತಿನಷ್ಟು ಸೂಕ್ಷ್ಮವಾಗಿ ಬರುತ್ತದೆ. ಗೇರ್ ಬದಲಾಗದಿದ್ದರೆ ಆರ್‌ಪಿಎಂ ಅಂದರೂ ವೇಗ ಅಂದರೂ ಒಂದೇ ಅಲ್ವಾ? ಹಾಗಾಗಿ ಮೂರನೇ ಗೇರಿನಲ್ಲಿ 2500ರಿಂದ 5000ಕ್ಕೆ ಏರಲು ಹಿಡಿದ ಸಮಯ ನೋಡಿ. ಈ ಅಡಾಪ್ಟರ್‌ಗಳಲ್ಲಿ ಬಳಸುವ ಇಎಲ್‌ಎಂ327 ಚಿಪ್‌ನ ಅಗ್ಗದ ನಕಲುಗಳು ನಿಧಾನ. ಆ್ಯಪ್‌ನಲ್ಲಿ ಇಪ್ಪತ್ತು ಮೀಟರ್ ತೆರೆದಿಟ್ಟರೆ ಒಂದೊಂದರ ಸರದಿ ಬರುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಸಮಯ ಅಳೆಯುವಾಗ ಆರ್‌ಪಿಎಂ, ವೇಗ ಎರಡೇ ಸಾಕು. ಉಳಿದದ್ದಕ್ಕೆ ಬೇರೆ ಓಟ.

ಟೈರ್ ಸೈಜ್ ಬದಲಿಸಿದ್ದರೆ ಹಳೆಯ ಅಳತೆಗೆ ಹೋಲಿಸಬೇಡಿ, ಗೇರ್ ಅನುಪಾತವೇ ಬದಲಾದ ಹಾಗೆ.

ಗಾಳಿ ಮೀಟರ್ ಹೇಳುವ ಸಾಕ್ಷಿ

ಪೆಟ್ರೋಲ್ ಗಾಡಿಯಲ್ಲಿ ಮ್ಯಾಫ್ ಸೆನ್ಸರ್ ಇದ್ದರೆ ಇನ್ನೊಂದು ಸಾಕ್ಷಿ ಪುಕ್ಕಟೆ ಸಿಗುತ್ತದೆ. ಎಂಜಿನ್ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಎಳೆಯುತ್ತಿದೆ ಅಂತ ಅದು ಹೇಳುತ್ತದೆ. ಪೂರ್ತಿ ಪೆಡಲ್‌ನಲ್ಲಿ ಬರುವ ಅತಿ ಹೆಚ್ಚಿನ ಅಂಕಿಯನ್ನು 1.25ರಿಂದ ಗುಣಿಸಿದರೆ ಸುಮಾರಾಗಿ ಎಂಜಿನ್ನಿನ ಎಚ್‌ಪಿ. 80 ಗ್ರಾಂ ಇದ್ದರೆ 100ರ ಆಸುಪಾಸು. ಇದು ಒರಟು ಲೆಕ್ಕ, ಆದರೆ ಮೊದಲು ಮತ್ತು ಆಮೇಲೆ ಹೋಲಿಸಲು ತುಂಬ ಉಪಯೋಗ. ಶೇಕಡಾ 20 ಶಕ್ತಿ ಬಂದಿದೆ ಅನ್ನುತ್ತಾರೆ, ಗಾಳಿ ಮಾತ್ರ ಅಷ್ಟೇ ಇದೆ ಅಂದರೆ ಏನೋ ಹೊಂದುತ್ತಿಲ್ಲ. ಡೀಸೆಲ್‌ಗೆ ಈ ಲೆಕ್ಕ ಹಾಕಬೇಡಿ, ಅಲ್ಲಿ ಶಕ್ತಿ ನಿರ್ಧರಿಸುವುದು ಇಂಧನ.

ಈ ಸಾಕ್ಷಿಯೂ ಸುಳ್ಳು ಹೇಳಬಹುದು. ದಪ್ಪ ಕೊಳವೆಯ ಕೋನ್ ಫಿಲ್ಟರ್ ಹಾಕಿಸಿದ್ದರೆ ಅದೇ ಗಾಳಿ ಮ್ಯಾಫ್ ಮುಂದೆ ನಿಧಾನವಾಗಿ ಹೋಗುತ್ತದೆ, ಸೆನ್ಸರ್ ಕಡಿಮೆ ಓದುತ್ತದೆ. ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ನೋಡಿ: ದೀರ್ಘಾವಧಿಯ ಟ್ರಿಮ್ ಪ್ಲಸ್ ಅಥವಾ ಮೈನಸ್ 5ರೊಳಗಿದ್ದರೆ ಆರೋಗ್ಯ. ಫಿಲ್ಟರ್ ಹಾಕಿದ ಮೇಲೆ ಪ್ಲಸ್ 12ಕ್ಕೆ ಹೋಗಿ ಕೂತಿದ್ದರೆ ಇಸಿಯು ಕಳೆದುಹೋದ ಗಾಳಿಯನ್ನು ಹುಡುಕಿ ಪೆಟ್ರೋಲ್ ಸೇರಿಸುತ್ತಿದೆ ಅಂತ ಅರ್ಥ. ಎಣ್ಣೆ ಹಚ್ಚುವ ಫಿಲ್ಟರ್ ಆಗಿದ್ದು ಎಣ್ಣೆ ಜಾಸ್ತಿ ಆಗಿದ್ದರೆ ಮ್ಯಾಫ್ ತಂತಿಗೆ ಅಂಟಿಕೊಂಡೂ ಹೀಗಾಗುತ್ತದೆ.

ಟ್ಯೂನಿಂಗ್ ಬಾಕ್ಸ್ ಹಾಕಿಸಿದವರು ಇದನ್ನು ಗಮನವಿಟ್ಟು ಓದಿ. ಆ ಬಾಕ್ಸ್ ಸೆನ್ಸರ್‌ಗೂ ಇಸಿಯುಗೂ ನಡುವೆ ಕೂರುತ್ತದೆ. ನಿಜವಾದ ಬೂಸ್ಟ್ (ಟರ್ಬೊ ಕೊಡುವ ಒತ್ತಡ) 1.2 ಬಾರ್ ಇದ್ದರೆ ಇಸಿಯುಗೆ "1.0 ಇದೆ" ಅನ್ನುತ್ತದೆ. ಇಸಿಯು ನಂಬಿ, ಟರ್ಬೊಗೆ ಇನ್ನಷ್ಟು ಒತ್ತು ಅನ್ನುತ್ತದೆ. ಒಬಿಡಿಯಲ್ಲಿ ನೀವು ನೋಡುವುದು ಇಸಿಯು ಕಿವಿಗೆ ಬಿದ್ದದ್ದನ್ನು. ಹಾಗಾಗಿ ಲಾಗ್‌ನಲ್ಲಿ ಬೂಸ್ಟ್ ಸ್ಟಾಕ್, ಅಂದರೆ ಕಂಪನಿ ಕೊಟ್ಟ ಸ್ಥಿತಿಯಲ್ಲಿ, ಇದ್ದಷ್ಟೇ ಕಾಣುತ್ತದೆ, ಬಾಕ್ಸ್ ಕೆಲಸ ಮಾಡುತ್ತಿಲ್ಲ ಅಂತ ನೀವು ತೀರ್ಮಾನ ಮಾಡುತ್ತೀರಿ. ತಿರುಗುಮುರುಗೂ ಆಗುತ್ತದೆ. ಡೀಸೆಲ್‌ನಲ್ಲಿ ರೇಲ್ ಒತ್ತಡ (ಇಂಜೆಕ್ಟರ್‌ಗೆ ಹೋಗುವ ಇಂಧನದ ಒತ್ತಡ) ಕಡಿಮೆ ಅಂತ ಹೇಳುವ ಬಾಕ್ಸ್ ಇದ್ದರೆ, ಇಸಿಯು ತಾನು ಕಡಿಮೆ ಡೀಸೆಲ್ ಹಾಕಿದೆ ಅಂದುಕೊಳ್ಳುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಮೈಲೇಜ್ ಏರುತ್ತದೆ. "ಪವರ್ರೂ ಬಂತು, ಮೈಲೇಜೂ ಬಂತು" ಅನ್ನುವ ಖುಷಿ ಎಷ್ಟೋ ಸಲ ಇಲ್ಲಿಂದಲೇ ಬಂದಿರುತ್ತದೆ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದ ಮೈಲೇಜ್ ಮಾತ್ರ ನಂಬಿ.

ಡೈನೋ ಹಾಳೆ

ಹಾಳೆ ಕೈಗೆ ಬಂದ ತಕ್ಷಣ ದೊಡ್ಡ ಅಂಕಿ ನೋಡಬೇಡಿ, ಮೂಲೆಯ ಸಣ್ಣ ಅಕ್ಷರ ನೋಡಿ. 100 ಕಿಲೋವ್ಯಾಟ್ ಅಂದರೆ 136 ಪಿಎಸ್, ಅದೇ 134 ಎಚ್‌ಪಿ. ಚಕ್ರದ ಅಂಕಿಯಾ, ಕ್ರ್ಯಾಂಕ್‌ನ ಅಂಕಿಯಾ? ಚಕ್ರದ್ದು ಅಳೆದದ್ದು, ಕ್ರ್ಯಾಂಕ್‌ನದ್ದು ಅದರ ಮೇಲೆ ಕಟ್ಟಿದ ಅಂದಾಜು. ಆಮೇಲೆ ಹವಾಮಾನದ ತಿದ್ದುಪಡಿ. ಎಸ್‌ಎಇ ಜೆ1349 ಪದ್ಧತಿ 25 ಡಿಗ್ರಿ, 990 ಮಿಲಿಬಾರ್ ಒಣ ಗಾಳಿಯ ಲೆಕ್ಕಕ್ಕೆ ತರುತ್ತದೆ. ಡಿಐಎನ್ 70020 ಪದ್ಧತಿ 20 ಡಿಗ್ರಿ, 1013 ಮಿಲಿಬಾರ್. ಹಳೆಯ ಜೆ607 ಇನ್ನೂ ತಂಪು ಹವೆ ಹಿಡಿಯುತ್ತದೆ, ಅದರಲ್ಲಿ ಅಂಕಿ ಜೆ1349ಕ್ಕಿಂತ ಶೇಕಡಾ 4ರಷ್ಟು ಜಾಸ್ತಿ ಬರುತ್ತದೆ. ಮೊದಲಿನ ಓಟ ಒಂದರಲ್ಲಿ, ನಂತರದ್ದು ಇನ್ನೊಂದರಲ್ಲಿ ಅಚ್ಚಾದರೆ ಪ್ರಿಂಟರ್ರೇ ಶಕ್ತಿ ಕೊಟ್ಟ ಹಾಗಾಯ್ತು. ಡೈನೋದ ತಾಪಮಾನ ಸೆನ್ಸರ್ ಬಿಸಿ ಎಂಜಿನ್ ಪಕ್ಕ ಬಿದ್ದಿದ್ದರೂ ತಿದ್ದುಪಡಿ ಏರಿಬಿಡುತ್ತದೆ. ಎತ್ತರದ ಊರಿನಲ್ಲಿ ಟರ್ಬೊ ಗಾಡಿಗೆ ಈ ತಿದ್ದುಪಡಿ ಅತಿಯಾಗುತ್ತದೆ, ಯಾಕೆಂದರೆ ತೆಳು ಗಾಳಿಯ ಕೊರತೆಯನ್ನು ಟರ್ಬೊ ಸುಮಾರಾಗಿ ತಾನೇ ತುಂಬಿಕೊಂಡಿರುತ್ತದೆ.

ಹಾಳೆ ಸಾಚಾನಾ ಅಂತ ನೋಡಲು ಒಂದು ಗುಣಾಕಾರ ಸಾಕು: ನ್ಯೂಟನ್ ಮೀಟರ್ ಟಾರ್ಕ್ ಗುಣಿಸು ಆರ್‌ಪಿಎಂ, ಭಾಗಿಸು 9549, ಬಂದದ್ದು ಕಿಲೋವ್ಯಾಟ್. 4000ದಲ್ಲಿ 200 ಇದ್ದರೆ ಅಲ್ಲಿ 84 ಕಿಲೋವ್ಯಾಟ್, 114 ಪಿಎಸ್ ಇರಲೇಬೇಕು. ಗ್ರಾಫ್ ಬೇರೇನೋ ಹೇಳಿದರೆ ಯೂನಿಟ್ ಕಲಬೆರಕೆ ಆಗಿದೆ.

ಬರೀ ನಂತರದ ಓಟ ತೆಗೆದು, ಅದನ್ನು ಕಂಪನಿ ಬ್ರೋಷರಿನ ಅಂಕಿಗೆ ಹೋಲಿಸಿ "ಇಷ್ಟು ಲಾಭ" ಅಂದರೆ ಆ ಹಾಳೆಯನ್ನು ಪಕ್ಕಕ್ಕಿಡಿ. ಒಂದೇ ದಿನ, ಒಂದೇ ಡೈನೋ, ಅದೇ ಗೇರ್, ಅದೇ ಟೈರ್ ಗಾಳಿ, ಗಾಡಿ ಕಟ್ಟುವ ಪಟ್ಟಿಯ ಅದೇ ಬಿಗಿ. ಇವಿಷ್ಟಿದ್ದರೆ ಮಾತ್ರ ಎರಡು ಗೆರೆ ಹೋಲಿಸಬಹುದು.

ಅಳತೆ ಸರಿ ಇದೆ, ಲಾಭ ಮಾತ್ರ ಇಲ್ಲ

ಈಗ ಗಾಡಿಯ ಕಡೆ ಬರೋಣ. ಖರ್ಚಿಲ್ಲದ್ದು ಮೊದಲು.

ರೀಮ್ಯಾಪ್ ಫೈಲ್ ಇಸಿಯು ಒಳಗಿದೆಯಾ? ನಗೆಪಾಟಲು ಅನ್ನಿಸಬಹುದು, ಆದರೆ ಸರ್ವಿಸ್‌ನಲ್ಲಿ ಇಸಿಯು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ರೀಮ್ಯಾಪ್ ಅಳಿಸಿಹೋಗುತ್ತದೆ. "ಸರ್ವಿಸ್ ಆದ ಮೇಲೆ ದಮ್ ಹೋಯ್ತು" ಅನ್ನುವವರು ಮೊದಲು ಇದನ್ನೇ ವಿಚಾರಿಸಿ. ಜೊತೆಗೆ ಫಾಲ್ಟ್ ಕೋಡ್ ಓದಿ, ದೀಪ ಹತ್ತದೆ ಪೆಂಡಿಂಗ್‌ನಲ್ಲಿ ಕೂತಿರುವ ಕೋಡ್‌ಗಳನ್ನೂ ಸೇರಿಸಿ. ಒಂದು ಸುತ್ತು ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ, ಎಂಜಿನ್ ಬಡಪಾಯಿಯ ತಪ್ಪಲ್ಲ.

ಮೊದಲ ಓಟ ಚೆನ್ನಾಗಿ, ಮೂರನೆಯದು ಸಪ್ಪೆ ಅಂದರೆ ಇನ್‌ಟೇಕ್ ತಾಪಮಾನ ಲಾಗ್ ಮಾಡಿ. ಓಟದಿಂದ ಓಟಕ್ಕೆ ಏರುತ್ತಲೇ ಹೋಗುತ್ತಿದ್ದರೆ ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಸೋತಿದೆ. ಆ ಜೊತೆಗೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿ. ನುಣುಪಾಗಿ ಏರಬೇಕಾದ ಗೆರೆ ನಡುನಡುವೆ ಧೊಪ್ಪನೆ ಕೆಳಗೆ ಬೀಳುತ್ತಿದ್ದರೆ ಇಸಿಯುಗೆ ನಾಕಿಂಗ್ (ಇಂಧನ ತಾನೇ ಸಿಡಿಯುವ ಸದ್ದು) ಕೇಳಿಸಿದೆ, ಎಂಜಿನ್ ಉಳಿಸಿಕೊಳ್ಳಲು ಟೈಮಿಂಗ್ ಹಿಂದಕ್ಕೆ ಎಳೆಯುತ್ತಿದೆ. 95 ಆಕ್ಟೇನ್‌ಗೆ ಬರೆದ ಫೈಲ್, ಟ್ಯಾಂಕಿನಲ್ಲಿ 91 ಇದ್ದರೆ ಹೀಗೇ ಆಗುತ್ತದೆ. ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಸರಿಯಾದ ಇಂಧನ ತುಂಬಿಸಿ, ಸ್ವಲ್ಪ ಓಡಿಸಿ, ಮತ್ತೆ ಲಾಗ್ ತೆಗೆಯಿರಿ. ಟೈಮಿಂಗ್ ವಾಪಸ್ ಬಂದರೆ ದೋಷ ಟ್ಯಾಂಕಿನಲ್ಲಿತ್ತು.

ಟರ್ಬೊ ಗಾಡಿಯಲ್ಲಿ ಬೂಸ್ಟ್ ಕೇಳಿದ್ದೆಷ್ಟು, ಬಂದಿದ್ದೆಷ್ಟು ಅನ್ನುವ ಎರಡು ಗೆರೆ ಒಟ್ಟಿಗೆ ಇಡಿ. ಒಬಿಡಿಯ ಮ್ಯಾಪ್ (ಗಾಳಿ ಒತ್ತಡ ಅಳೆಯುವ) ಸೆನ್ಸರ್ ಅಂಕಿಯಲ್ಲಿ ಹೊರಗಿನ ಹವೆಯ ಒತ್ತಡವೂ ಸೇರಿರುತ್ತದೆ ಅನ್ನುವುದು ನೆನಪಿರಲಿ. 220 ಕಿಲೋಪಾಸ್ಕಲ್ ಅಂದರೆ 100 ಕಳೆದು 120, ಅಂದರೆ 1.2 ಬಾರ್. 220 ಕೇಳಿ 190 ಬರುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ವೇಸ್ಟ್‌ಗೇಟ್ (ಟರ್ಬೊ ಒತ್ತಡ ಮಿತಿಯಲ್ಲಿಡುವ ಬಾಗಿಲು) ಸರಿಯಾಗಿ ಮುಚ್ಚುತ್ತಿಲ್ಲ. ಸ್ಟಾಕ್ ಬೂಸ್ಟ್‌ಗೆ ತಡೆದುಕೊಂಡಿದ್ದ ಹಳೆಯ ಹೋಸ್, ಸಡಿಲ ಕ್ಲಾಂಪ್ ಹೊಸ ಒತ್ತಡಕ್ಕೆ ಬಾಯಿ ಬಿಡುವುದು ಮಾಮೂಲು. ಜೋಡಣೆಗಳ ಸುತ್ತ ಎಣ್ಣೆ ಜಿಡ್ಡು ಹುಡುಕಿ. ಐಡಲ್‌ನಲ್ಲಿ ಸೋಪು ನೀರು ಹಚ್ಚಿ ನೋಡಿದರೆ ಪ್ರಯೋಜನ ಇಲ್ಲ, ಆಗ ಬೂಸ್ಟ್ ಎಲ್ಲಿರುತ್ತದೆ? ಗ್ಯಾರೇಜಿನಲ್ಲಿ ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ.

ಮೇಲಿನ ಆರ್‌ಪಿಎಂನಲ್ಲಿ ಗಾಡಿ ತೊದಲಿದ ಹಾಗೆ ಜರ್ಕ್ ಹೊಡೆದರೆ ಪ್ಲಗ್ ಗ್ಯಾಪ್ ನೋಡಿ. ಬೂಸ್ಟ್ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ, ಗ್ಯಾಪ್ ಸ್ವಲ್ಪ ಕಮ್ಮಿ ಮಾಡಬೇಕಾಗುತ್ತದೆ. ರೇಲ್ ಒತ್ತಡ ಕೊನೆಯಲ್ಲಿ ಕುಸಿಯುತ್ತಿದ್ದರೆ ಪಂಪ್‌ಗೆ ಅದಕ್ಕಿಂತ ಜಾಸ್ತಿ ಆಗುತ್ತಿಲ್ಲ, ಅಲ್ಲಿಗೆ ಓಟ ನಿಲ್ಲಿಸಿ.

ಕ್ಲಚ್ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಮೇಲೆ ಹೇಳಿದ ಆರ್‌ಪಿಎಂ ಉಪಾಯವನ್ನೇ ಇದು ಕೆಡಿಸುತ್ತದೆ. ಕ್ಲಚ್ ಜಾರಿದರೆ ಆರ್‌ಪಿಎಂ ಸರ್ರನೆ ಏರುತ್ತದೆ, 2500ರಿಂದ 5000ದ ಸಮಯ ಭರ್ಜರಿಯಾಗಿ ಕಡಿಮೆ ಆಗುತ್ತದೆ, ಗಾಡಿ ಮಾತ್ರ ಅಲ್ಲೇ ಇರುತ್ತದೆ. ಲಾಗ್‌ನಲ್ಲಿ ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿ. ಮೂರನೇ ಗೇರಿನಲ್ಲಿ 3000ಕ್ಕೆ 75 ಕಿ.ಮೀ. ಇದ್ದರೆ ಭಾಗಲಬ್ಧ 40. 4000ಕ್ಕೆ 100 ಬರಬೇಕು. ಅಲ್ಲಿ 94 ಇದ್ದರೆ 42.5 ಆಯ್ತು, ಕ್ಲಚ್ ಜಾರುತ್ತಿದೆ. ಹೊಸ ಟಾರ್ಕ್ ಬಂದಿದೆ, ಚಕ್ರಕ್ಕೆ ಮುಟ್ಟುತ್ತಿಲ್ಲ. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಲಾಕ್ ಆಗುವ ಮುಂಚೆ ಈ ಅಂಕಿ ಓಲಾಡುವುದು ಸಹಜ, ಗಾಬರಿ ಬೇಡ.

ಎಲ್ಲ ಸರಿಯಿದ್ದೂ ಟಾರ್ಕ್ ಗೆರೆ ಒಂದು ಎತ್ತರದಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಿದ ಹಾಗೆ ಚಪ್ಪಟೆಯಾದರೆ ಅದು ದೋಷ ಅಲ್ಲ, ಮಿತಿ. ಗೇರ್‌ಬಾಕ್ಸ್ ಕಂಟ್ರೋಲರ್ ತನ್ನ ತಾಕತ್ತಿಗಿಂತ ಹೆಚ್ಚು ಟಾರ್ಕ್ ಬೇಡ ಅನ್ನುತ್ತಿರಬಹುದು. ಅದನ್ನು ಎತ್ತಿಸುವ ಮೊದಲು ಗೇರ್‌ಬಾಕ್ಸ್ ತಡೆಯುತ್ತದಾ ಅಂತ ಕೇಳಿ.

ಮೊದಲಿನ ಅಳತೆ ಇಲ್ಲದವರಿಗೆ

ಟ್ಯೂನರ್ ಹತ್ತಿರ ನಿಮ್ಮ ಸ್ಟಾಕ್ ಫೈಲ್ ಇರಬೇಕು. ಈಗಿನ ಸ್ಥಿತಿಯಲ್ಲಿ ಅಳೆಯಿರಿ, ಸ್ಟಾಕ್ ಹಾಕಿಸಿ ಅಳೆಯಿರಿ, ಮತ್ತೆ ರೀಮ್ಯಾಪ್ ಹಾಕಿಸಿ ಅಳೆಯಿರಿ. ಸಾಧ್ಯವಾದರೆ ಎಲ್ಲ ಒಂದೇ ದಿನ. ಮೊದಲನೆಯದೂ ಮೂರನೆಯದೂ ಹೊಂದಿ, ನಡುವಿನದು ಹಿಂದೆ ಬಿದ್ದರೆ ಲಾಭ ನಿಜ, ಎಷ್ಟು ಅಂತಲೂ ಗೊತ್ತಾಯ್ತು. ಮೊದಲನೆಯದಕ್ಕೂ ಮೂರನೆಯದಕ್ಕೂ ತಾಳೆಯೇ ಆಗದಿದ್ದರೆ ಹವೆಯೋ ಟೈರೋ ಬಿಸಿಯೋ ಆಟ ಆಡುತ್ತಿದೆ, ಆ ದಿನದ ಅಂಕಿಗಳನ್ನು ಬಿಟ್ಟುಬಿಡಿ.

ಟ್ಯೂನರ್ ಹತ್ತಿರ ಹೋಗುವಾಗ "ಗಾಡಿ ಎಳೆಯುತ್ತಿಲ್ಲ" ಅಂದರೆ ಅವರು "ಎಳೆಯುತ್ತದಲ್ಲ" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ಕ್ರೀನ್ ಫೋಟೊ ಬೇಡ, ಲಾಗ್ ಫೈಲನ್ನೇ ಕೊಡಿ. ಯಾವ ಗೇರ್, ಯಾವ ಇಂಧನ, ಹವೆ ಎಷ್ಟು ಡಿಗ್ರಿ, ಎಷ್ಟು ಜನ ಕೂತಿದ್ದರು ಅನ್ನುವುದನ್ನು ಫೈಲ್ ಹೆಸರಿನಲ್ಲೇ ಬರೆದುಬಿಡಿ, ಇಲ್ಲದಿದ್ದರೆ ಮುಂದಿನ ವಾರ ನಿಮಗೇ ನೆನಪಿರುವುದಿಲ್ಲ.